ಎಥಿಕ್ಸ್ ಕಮಿಟಿಯಲ್ಲಿ ಕಿರಾಣಿ ಅಂಗಡಿಯವರಿಗೂ ಒಂದು ಕುರ್ಚಿ! ಏನಿದು ಕಮಿಟಿ, ಅಲ್ಲಿ ಕೂತವರ ಕೆಲಸವೇನು?

ಮೆಡಿಕಲ್ ಕಾಲೇಜೊಂದರಲ್ಲಿ ಹೊಸ ಔಷಧಿಯನ್ನು ರೋಗಿಗಳ ಮೇಲೆ ಪ್ರಯೋಗ ಮಾಡಬೇಕಿದೆ ಅಂದುಕೊಳ್ಳಿ. ಅದಕ್ಕೆ ಒಪ್ಪಿಗೆ ಕೊಡುವ ಸಭೆಗೆ ಹಿರಿಯ ಡಾಕ್ಟರ್ ಬಂದಿದ್ದಾರೆ, ವಿಜ್ಞಾನಿ ಬಂದಿದ್ದಾರೆ, ವಕೀಲರೂ ಬಂದಿದ್ದಾರೆ. ಆದರೂ ಆ ಫೈಲನ್ನು ಕೈಗೆತ್ತಿಕೊಳ್ಳುವಂತಿಲ್ಲ. ಇನ್ನೊಬ್ಬರು ಬರಬೇಕು. ಅವರು ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ನಿವೃತ್ತ ಮೇಷ್ಟ್ರಾಗಿರಬಹುದು, ಅಂಗಡಿ ಮಾಲೀಕರಾಗಿರಬಹುದು, ಸ್ವಸಹಾಯ ಸಂಘ ನಡೆಸುವ ಹೆಣ್ಣುಮಗಳಾಗಿರಬಹುದು. ಇಂಗ್ಲಿಷ್‌ನಲ್ಲಿ ಇವರನ್ನು 'ಲೇ ಪರ್ಸನ್' ಅಂತಾರೆ, ಕನ್ನಡದಲ್ಲಿ ಸಾಮಾನ್ಯ ಸದಸ್ಯ ಅನ್ನಬಹುದು. ಕೇಂದ್ರ ಸರ್ಕಾರದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಈ ಸದಸ್ಯರು ಹಾಜರಿಲ್ಲದಿದ್ದರೆ ಕೋರಂ ಇಲ್ಲ. ಕೋರಂ ಇಲ್ಲ ಅಂದ್ರೆ ಔಷಧ ಪ್ರಯೋಗಕ್ಕೆ ಒಪ್ಪಿಗೆಯೂ ಇಲ್ಲ.

ತಾಲ್ಲೂಕಿನಲ್ಲಿ ಇಂಥದ್ದೊಂದು ಜಾಗ ಇದೆ ಅನ್ನೋದೇ ಬಹಳ ಜನರಿಗೆ ಗೊತ್ತಿಲ್ಲ. ಆದರೆ ಸಂಶೋಧನೆ ಮಾಡುವವರು ಬರೋದು ತಾಲ್ಲೂಕಿಗೇ, ಹಳ್ಳಿಗೇ. ರಕ್ತದ ಸ್ಯಾಂಪಲ್ ಕೇಳೋದು, ಮನೆ ಮನೆ ಸರ್ವೆ ಮಾಡೋದು, ಶಾಲೆ ಮಕ್ಕಳ ತೂಕ-ಎತ್ತರ ಅಳೆಯೋದು ಎಲ್ಲವೂ ಇಲ್ಲೇ. ಹಾಗಾಗಿ ಈ ಕಮಿಟಿ ಏನು, ಅದರಲ್ಲಿ ಸಾಮಾನ್ಯ ಸದಸ್ಯರಿಗೆ ಯಾಕೆ ಇಷ್ಟು ತೂಕ ಅನ್ನೋದನ್ನು ತಿಳಿದುಕೊಳ್ಳೋದು ಒಳ್ಳೇದು.

ಕಮಿಟಿಯಲ್ಲಿ ಯಾರ‍್ಯಾರು ಇರ್ತಾರೆ?

ಮನುಷ್ಯರ ಮೇಲೆ ಆರೋಗ್ಯ ಸಂಬಂಧಿ ಸಂಶೋಧನೆ ನಡೆಸುವ ಯೂನಿವರ್ಸಿಟಿ, ಮೆಡಿಕಲ್ ಕಾಲೇಜು, ಆಸ್ಪತ್ರೆಗಳು ಸಾಂಸ್ಥಿಕ ನೈತಿಕತಾ ಸಮಿತಿಯ ಒಪ್ಪಿಗೆ ಪಡೆದೇ ಕೆಲಸ ಶುರು ಮಾಡಬೇಕು. ಇದನ್ನೇ ಎಲ್ಲರೂ ಎಥಿಕ್ಸ್ ಕಮಿಟಿ ಅಂತ ಕರೆಯೋದು. ಔಷಧ ಪ್ರಯೋಗ ನೋಡುವ ಕಮಿಟಿಗಳು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಆಗಿರಬೇಕು. ಉಳಿದ ಆರೋಗ್ಯ ಸಂಶೋಧನೆ ನೋಡುವ ಕಮಿಟಿಗಳು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು.

ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಅವರಲ್ಲಿ ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದ ಹೊರಗಿನವರಾಗಿರಬೇಕು. ಅಧ್ಯಕ್ಷರೂ ಹೊರಗಿನವರೇ. ಕಾಗದಪತ್ರ ನೋಡಿಕೊಳ್ಳುವ ಮೆಂಬರ್ ಸೆಕ್ರೆಟರಿ ಮಾತ್ರ ಒಳಗಿನವರು. ಡಾಕ್ಟರ್, ವೈದ್ಯ ವಿಜ್ಞಾನಿ, ಕಾನೂನು ತಿಳಿದವರು, ಸಮಾಜ ವಿಜ್ಞಾನಿ ಅಥವಾ ಧರ್ಮ-ತತ್ವಶಾಸ್ತ್ರ ಬಲ್ಲವರು, ಇವರ ಜೊತೆಗೆ ಸಾಮಾನ್ಯ ಸದಸ್ಯರು. ಕನಿಷ್ಠ ಒಬ್ಬ ಮಹಿಳೆ ಇರಲೇಬೇಕು.

ಸಾಮಾನ್ಯ ಸದಸ್ಯರಿಗೆ ಏನು ಅರ್ಹತೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳೋದು ಇಷ್ಟು: ಓದು ಬರಹ ಬರಬೇಕು, ಸಂಸ್ಥೆಗೆ ಸೇರಿದವರಾಗಿರಬಾರದು, ಕಳೆದ 5 ವರ್ಷ ವೈದ್ಯಕೀಯ ಅಥವಾ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡಿರಬಾರದು, ಸ್ಥಳೀಯ ಭಾಷೆ, ರೀತಿ-ರಿವಾಜು ಗೊತ್ತಿರಬೇಕು. ಸಮಾಜ ಸೇವೆಯಲ್ಲಿ ತೊಡಗಿದ್ದರೆ ಇನ್ನೂ ಒಳ್ಳೇದು. ಅಂದ್ರೆ ಬೇರೆ ಕಡೆ 'ನಿಮಗೇನು ಗೊತ್ತು, ನೀವೇನು ಡಾಕ್ಟ್ರಾ?' ಅಂತ ಬಾಯಿ ಮುಚ್ಚಿಸುತ್ತಾರಲ್ಲ, ಇಲ್ಲಿ ಡಾಕ್ಟರ್ ಅಲ್ಲದೇ ಇರೋದೇ ಅರ್ಹತೆ.

ಇಂಥ ಕಮಿಟಿ ಯಾಕೆ ಬೇಕಾಯ್ತು?

ಡಾಕ್ಟರುಗಳು ಒಳ್ಳೆಯವರೇ ಇರ್ತಾರಲ್ಲ, ಅವರ ಮೇಲೆ ಕಾವಲು ಯಾಕೆ ಅಂತ ಕೇಳಬಹುದು. ಅದಕ್ಕೆ ಅಮೆರಿಕದ ಒಂದು ಕಹಿ ಇತಿಹಾಸ ಇದೆ.

ಅಲ್ಲಿನ ಅಲಬಾಮಾ ರಾಜ್ಯದ ಟಸ್ಕೆಗೀ ಎಂಬ ಊರಿನ ಸುತ್ತಮುತ್ತ 1932ರಲ್ಲಿ ಸರ್ಕಾರಿ ಆರೋಗ್ಯ ಇಲಾಖೆ ಒಂದು ಅಧ್ಯಯನ ಶುರು ಮಾಡಿತು. ಸುಮಾರು 600 ಬಡ ಕಪ್ಪು ಜನರನ್ನು ಸೇರಿಸಿಕೊಂಡರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಕಾಯಿಲೆ ಇತ್ತು. ನಿಮಗೆ 'ಕೆಟ್ಟ ರಕ್ತ' ಇದೆ ಅಂತ ಹೇಳಿದರೇ ಹೊರತು ಕಾಯಿಲೆಯ ಹೆಸರು ಹೇಳಲಿಲ್ಲ. ಊಟ ಕೊಟ್ಟರು, ಸತ್ತರೆ ಮಣ್ಣಿನ ಖರ್ಚಿಗೆ ದುಡ್ಡು ಕೊಡ್ತೀವಿ ಅಂದರು. 1940ರ ದಶಕದ ಕೊನೆಯ ಹೊತ್ತಿಗೆ ಪೆನಿಸಿಲಿನ್ ಇದಕ್ಕೆ ಮದ್ದು ಅಂತ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಇವರಿಗೆ ಕೊಡಲಿಲ್ಲ. ಕಾಯಿಲೆ ಹೇಗೆ ಬೆಳೆಯುತ್ತೆ ಅಂತ ನೋಡುತ್ತಾ ಕೂತರು. 1972ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲಷ್ಟೇ ಇದು ನಿಂತಿತು. ಅಷ್ಟೊತ್ತಿಗೆ 40 ವರ್ಷ ಕಳೆದಿತ್ತು. 1974ರಲ್ಲಿ ಅಮೆರಿಕ ಕಾನೂನು ಮಾಡಿ, ಸಂಶೋಧನೆಗೆ ಮೊದಲು ಕಮಿಟಿಯ ಒಪ್ಪಿಗೆ ಕಡ್ಡಾಯ ಅಂದಿತು.

ಭಾರತದಲ್ಲಿ ಐಸಿಎಂಆರ್ 1980ರಲ್ಲಿ ಮೊದಲ ನೀತಿ ಹೇಳಿಕೆ ಹೊರಡಿಸಿತು. 2000, 2006 ಮತ್ತು 2017ರಲ್ಲಿ ಮಾರ್ಗಸೂಚಿಗಳು ಬಂದವು.

ಪಕ್ಕದ ರಾಜ್ಯದಲ್ಲೇ ಆದದ್ದು

ಅಮೆರಿಕದ ಮಾತು ದೂರವಾಯಿತು ಅಂದರೆ, ಆಗ ಆಂಧ್ರಪ್ರದೇಶದಲ್ಲಿದ್ದು ಈಗ ತೆಲಂಗಾಣಕ್ಕೆ ಸೇರಿರುವ ಖಮ್ಮಂ ಜಿಲ್ಲೆಯನ್ನು ನೋಡಿ. 2009ರಲ್ಲಿ ಅಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಒಂದು ಅಧ್ಯಯನ ಯೋಜನೆ ನಡೆಯಿತು. ಗುಜರಾತಿನ ವಡೋದರಾದಲ್ಲೂ ಇದೇ ಯೋಜನೆ ಇತ್ತು. ಖಮ್ಮಂನ ಅನೇಕ ಹುಡುಗಿಯರು ಹಾಸ್ಟೆಲ್‌ನಲ್ಲಿದ್ದವರು, ಬಡವರ ಮಕ್ಕಳು.

ಕೆಲವು ಮಕ್ಕಳು ತೀರಿಕೊಂಡ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಇವತ್ತು ಆ ಲಸಿಕೆಯನ್ನು ಅನೇಕ ದೇಶಗಳಲ್ಲಿ ಹೆಣ್ಣುಮಕ್ಕಳಿಗೆ ಕೊಡ್ತಾರೆ. ತಪ್ಪು ಆಗಿದ್ದು ಬೇರೆ ಕಡೆ: ಒಪ್ಪಿಗೆ ಪಡೆದ ರೀತಿಯಲ್ಲಿ.

ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿಯಲ್ಲಿ ಲೆಕ್ಕ ಇದೆ. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರಲ್ಲಿ ಇದ್ದದ್ದು ಹೆಬ್ಬೆಟ್ಟು. 2,763 ಪತ್ರಗಳಿಗೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ಮಗಳಿಗೆ ಏನು ಚುಚ್ಚುತ್ತಾರೆ, ಯಾಕೆ ಚುಚ್ಚುತ್ತಾರೆ ಅಂತ ತಿಳಿದು ಹೂಂ ಅನ್ನಬೇಕಾದ ತಂದೆ-ತಾಯಿಯ ಜಾಗದಲ್ಲಿ ವಾರ್ಡನ್ ಸಹಿ!

ಕಾಗದದ ಮೇಲೆ ಎಲ್ಲ ಸರಿ ಇತ್ತು. ಫಾರಂ ಇತ್ತು, ಸಹಿ ಇತ್ತು. 'ಈ ಮಕ್ಕಳ ಅಪ್ಪ-ಅಮ್ಮ ಕೂಲಿಗೆ ಹೋಗಿರ್ತಾರೆ, ಹಾಸ್ಟೆಲ್‌ಗೆ ಬರೋದು ಯಾವಾಗ್ಲೋ ಒಮ್ಮೆ, ಹಾಗಾದ್ರೆ ಸಹಿ ಹಾಕೋದು ಯಾರು?' ಎಂಬ ಪ್ರಶ್ನೆ ಮೊದಲೇ ಏಳಬೇಕಿತ್ತು. ಇದನ್ನು ಕೇಳೋದಕ್ಕೆ ವಿಜ್ಞಾನ ಓದಿರಬೇಕಾಗಿಲ್ಲ. ಹಾಸ್ಟೆಲ್ ಹೇಗೆ ನಡೆಯುತ್ತೆ ಅಂತ ಗೊತ್ತಿದ್ದರೆ ಸಾಕು.

ಮೊದಲ ಕೆಲಸ: ಕನ್ನಡ ಅರ್ಥವಾಗುತ್ತಾ ನೋಡೋದು

ಸಾಮಾನ್ಯ ಸದಸ್ಯರ ಮೇಜಿನ ಮೇಲೆ ಬರುವ ಫೈಲಿನಲ್ಲಿ ಎರಡು ಕಾಗದ ಮುಖ್ಯ. ಒಂದು ಮಾಹಿತಿ ಪತ್ರ, ಇನ್ನೊಂದು ಒಪ್ಪಿಗೆ ಪತ್ರ. ಎರಡೂ ಜನರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು ಅನ್ನೋದು ನಿಯಮ. ಕನ್ನಡಕ್ಕೆ ಅನುವಾದ ಆಗಿರುತ್ತೆ ಕೂಡ. ಆದರೆ ಎಂಥ ಕನ್ನಡ?

'ಭಾಗವಹಿಸುವವರನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಿಗೆ ನಿಯೋಜಿಸಲಾಗುವುದು' ಅಂತ ಬರೆದರೆ ಸಂತೆಗೆ ಬಂದ ಅಜ್ಜಿಗೆ ಏನು ತಿಳಿಯುತ್ತೆ? ಅದನ್ನೇ 'ನಿಮಗೆ ಹೊಸ ಮಾತ್ರೆಯೋ ಹಳೇ ಮಾತ್ರೆಯೋ ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತೆ, ಡಾಕ್ಟರೂ ಆರಿಸಲ್ಲ, ನೀವೂ ಆರಿಸಲ್ಲ' ಅಂದರೆ ಕೂಡಲೇ ತಿಳಿಯುತ್ತೆ. '10 ಎಂಎಲ್ ರಕ್ತ' ಅಂದರೆ ಹೆದರುವವರು 'ಎರಡು ಟೀ ಚಮಚದಷ್ಟು' ಅಂದರೆ ಧೈರ್ಯ ಮಾಡ್ತಾರೆ. ಪ್ಲಾಸಿಬೋ ಅಂದರೆ ನೋಡೋಕೆ ಅದೇ ಥರ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. ಅದು ನಿಮ್ಮ ಪಾಲಿಗೂ ಬರಬಹುದು ಅಂತ ಬಿಡಿಸಿ ಹೇಳಬೇಕು.

ಕರ್ನಾಟಕದಲ್ಲಿ ಇನ್ನೊಂದು ತೊಡಕು ಇದೆ. ಫಾರಂ ಕನ್ನಡದಲ್ಲಿ ಇದ್ದ ಮಾತ್ರಕ್ಕೆ ಆಗಲ್ಲ. ತಾಂಡಾದಲ್ಲಿ ಮನೆ ಮಾತು ಲಂಬಾಣಿ, ಕರಾವಳಿಯಲ್ಲಿ ತುಳು, ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು, ಗಡಿ ತಾಲ್ಲೂಕುಗಳಲ್ಲಿ ತೆಲುಗು, ಮರಾಠಿ. ಓದೋಕೆ ಬಾರದವರಿದ್ದರೆ ಪೂರ್ತಿ ಓದಿ ಹೇಳಬೇಕು, ಸಂಶೋಧನಾ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಎಲ್ಲಿ ಯಾವ ಭಾಷೆ ಬೇಕು ಅನ್ನೋದು ಬೇರೆ ಊರಿನಿಂದ ಬಂದ ಪ್ರೊಫೆಸರ್‌ಗಿಂತ ಆ ಊರಿನವರಿಗೇ ಚೆನ್ನಾಗಿ ಗೊತ್ತು.

ಎಲ್ಲಕ್ಕಿಂತ ಮುಖ್ಯವಾಗಿ, 'ಇದು ಸಂಶೋಧನೆ' ಅನ್ನೋ ಮಾತು ಮೊದಲ ಪುಟದಲ್ಲೇ ಎದ್ದು ಕಾಣಬೇಕು. ದೊಡ್ಡ ಡಾಕ್ಟರ್ ಫ್ರೀಯಾಗಿ ಟ್ರೀಟ್‌ಮೆಂಟ್ ಕೊಡ್ತಿದ್ದಾರೆ ಅಂತಲೇ ಜನ ತಿಳಿಯೋದು ಹೆಚ್ಚು. 'ಬೇಡ ಅಂದರೂ ನಿಮಗೆ ಮಾಮೂಲಿ ಚಿಕಿತ್ಸೆ ಸಿಗುತ್ತೆ, ನಡುವೆ ಯಾವಾಗ ಬೇಕಾದರೂ ಬಿಡಬಹುದು' ಎಂಬುದು ಸ್ಪಷ್ಟವಾಗಿ ಇರಬೇಕು.

ಊರು ಗೊತ್ತಿದ್ದವರ ಕಣ್ಣಿಗೆ ಮಾತ್ರ ಬೀಳೋದು

ಕೆಲವು ಅಪಾಯಗಳು ಪುಸ್ತಕದಲ್ಲಿ ಸಿಗಲ್ಲ. ಉದಾಹರಣೆಗೆ, ವ್ಯಾಪಾರಿಗಳ ಸಾಲ ಮತ್ತು ಕುಡಿತದ ಬಗ್ಗೆ ಒಂದು ಅಧ್ಯಯನ ಬಂತು ಅಂದುಕೊಳ್ಳಿ. ಹೆಸರು ಹಾಕಲ್ಲ ಅಂತ ಸಂಶೋಧಕರು ಬರೆದಿರ್ತಾರೆ. ಆದರೆ ವರದಿಯಲ್ಲಿ 'ಬಸ್ ಸ್ಟ್ಯಾಂಡ್ ಎದುರಿನ ಬೇಕರಿ ಮಾಲೀಕ, ವಯಸ್ಸು 52' ಅಂತ ಇದ್ದರೆ? ಬೆಂಗಳೂರಿನಲ್ಲಿ ಅದು ಯಾರೂ ಆಗಬಹುದು. ತಾಲ್ಲೂಕಿನಲ್ಲಿ ಒಬ್ಬರೇ. ಹೆಸರಿಲ್ಲದೆಯೇ ಇಡೀ ಊರಿಗೆ ಗೊತ್ತಾಗುತ್ತೆ. ಟಿಬಿ ಅಥವಾ ಎಚ್‌ಐವಿ ಅಧ್ಯಯನದ ಬೋರ್ಡು ಹಾಕಿಕೊಂಡ ಜೀಪು ಒಂದು ಮನೆ ಮುಂದೆ ಎರಡು ಸಲ ನಿಂತರೆ ಸಾಕು, ಆ ಮನೆಗೆ ಹೆಣ್ಣು ಕೊಡೋರು, ತರೋರು ಹಿಂದೆ ಸರೀತಾರೆ.

ದುಡ್ಡಿನ ಲೆಕ್ಕವೂ ಹಾಗೇ. ನಾಲ್ಕು ಸಲ ಆಸ್ಪತ್ರೆಗೆ ಬನ್ನಿ ಅಂತಾರೆ. ಒಂದು ಸಲ ಬರೋದು ಅಂದ್ರೆ ಬಸ್ ಚಾರ್ಜು, ಒಂದು ದಿನದ ಕೂಲಿ, ಅಂಗಡಿ ಇದ್ದರೆ ಒಂದು ದಿನದ ವ್ಯಾಪಾರ. ಸಂತೆ ದಿನವೇ ಬರೋಕೆ ಹೇಳಿದರೆ ವಾರದ ದುಡಿಮೆಯೇ ಹೋಯ್ತು. ಪ್ರಯಾಣದ ಖರ್ಚು, ಕೂಲಿ ನಷ್ಟ ತುಂಬಿಕೊಡೋದು ನ್ಯಾಯ. ಅಪಾಯ ಏನಂತ ಯೋಚಿಸೋಕೂ ಬಿಡದ ಹಾಗೆ ದೊಡ್ಡ ಮೊತ್ತ ಆಸೆ ತೋರಿಸೋದು ಅನ್ಯಾಯ. ಈ ಎರಡರ ನಡುವಿನ ಗೆರೆ ಎಲ್ಲಿದೆ ಅಂತ ಹೇಳೋಕೆ ಸ್ಥಳೀಯ ಕೂಲಿ ದರ ಗೊತ್ತಿರಬೇಕು.

ಹಾಗೆಯೇ, ಪಂಚಾಯಿತಿ ಅಧ್ಯಕ್ಷರು ಒಪ್ಪಿದ್ದಾರೆ, ಹೆಡ್‌ಮಾಸ್ಟರ್ ಒಪ್ಪಿದ್ದಾರೆ ಅಂದ ಮಾತ್ರಕ್ಕೆ ಜನ ಒಪ್ಪಿದ ಹಾಗಲ್ಲ. ಅವರದ್ದು ಊರೊಳಗೆ, ಶಾಲೆಯೊಳಗೆ ಬರೋಕೆ ಅನುಮತಿ ಅಷ್ಟೇ. ಪ್ರತಿಯೊಬ್ಬರ ಒಪ್ಪಿಗೆ ಬೇರೆಯೇ ಬೇಕು. ಮಕ್ಕಳ ವಿಷಯದಲ್ಲಿ ತಂದೆ-ತಾಯಿಯ ಒಪ್ಪಿಗೆ ಜೊತೆಗೆ 7 ವರ್ಷ ದಾಟಿದ ಮಗುವನ್ನೂ ಕೇಳಬೇಕು, 12 ದಾಟಿದವರಿಂದ ಬರಹದಲ್ಲೇ ಪಡೆಯಬೇಕು ಅನ್ನುತ್ತೆ ಐಸಿಎಂಆರ್ ಮಾರ್ಗಸೂಚಿ.

ಸುಮ್ಮನೆ ಕೂತರೆ ಕುರ್ಚಿ ದಂಡ

ಇಷ್ಟೆಲ್ಲ ಹಕ್ಕು ಇದ್ದರೂ ಈ ಜಾಗದಲ್ಲಿ ಕೂರೋದು ಸುಲಭ ಅಲ್ಲ. ಫೈಲು ದಪ್ಪ, ಬಹುಪಾಲು ಇಂಗ್ಲಿಷ್. ಸುತ್ತ ಕೂತವರೆಲ್ಲ ದೊಡ್ಡ ದೊಡ್ಡ ಡಿಗ್ರಿಯವರು. 'ನಾನು ಕೇಳಿದ್ದು ತಪ್ಪಾದರೆ ನಗ್ತಾರೇನೋ' ಅಂತ ಸಂಕೋಚ ಆಗೋದು ಸಹಜ. ಹಾಗೆ ಸಂಕೋಚ ಪಟ್ಟು, ಟೀ ಕುಡಿದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬಂದರೆ ಕೋರಂ ಭರ್ತಿಯಾಗುತ್ತೆ, ಅಷ್ಟೇ. ಕಾಗದದ ಮೇಲೆ ಜನರ ಪರವಾಗಿ ಒಬ್ಬರು ನೋಡಿದ್ದಾರೆ ಅಂತ ದಾಖಲಾಗುತ್ತೆ. ನಿಜಕ್ಕೂ ಯಾರೂ ನೋಡಿರಲ್ಲ. ಖಮ್ಮಂನಲ್ಲಿ ವಾರ್ಡನ್ ಹಾಕಿದ ಸಹಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಇದಕ್ಕೆ ದಾರಿ ಇದೆ. ಫೈಲನ್ನು ಸಭೆಗೆ ಮೊದಲೇ ಕಳಿಸಿ ಅಂತ ಕೇಳಬಹುದು. ಸಾಮಾನ್ಯರಿಗೆ ತಿಳಿಯುವ ಹಾಗೆ ಒಂದೆರಡು ಪುಟದ ಸಾರಾಂಶ ಬೇಕು ಅನ್ನಬಹುದು. ಕನ್ನಡದ ಮಾಹಿತಿ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ, ನಾಲಿಗೆ ತಡವರಿಸಿದ ಕಡೆ ಗುರುತು ಹಾಕಬಹುದು. ತಡವರಿಸಿದ ಕಡೆಯೇ ಜನಕ್ಕೆ ಅರ್ಥವಾಗದ ಜಾಗ. ಸಭೆಯಲ್ಲಿ 'ಇದು ನನಗೆ ತಿಳಿಯಲಿಲ್ಲ' ಅನ್ನೋದೇ ಒಂದು ಆಕ್ಷೇಪಣೆ. ಕಮಿಟಿ ಸದಸ್ಯರಿಗೇ ತಿಳಿಯದಿದ್ದರೆ ಸಹಿ ಹಾಕುವ ರೋಗಿಗೆ ಹೇಗೆ ತಿಳಿದೀತು? ಒಪ್ಪದಿದ್ದರೆ ಅದನ್ನು ನಡಾವಳಿಯಲ್ಲಿ ಬರೆಸಬಹುದು.

ಕಮಿಟಿ ಕೆಲಸ ಸಂಶೋಧನೆಗೆ ಅಡ್ಡಗಾಲು ಹಾಕೋದು ಅಲ್ಲ ಅನ್ನೋದೂ ನೆನಪಿರಬೇಕು. ಸಂಶೋಧನೆ ಇಲ್ಲದೆ ಲಸಿಕೆ ಇಲ್ಲ, ಮಾತ್ರೆ ಇಲ್ಲ. ಫೈಲು ಬಂದಾಗ ಒಪ್ಪಬಹುದು, ತಿದ್ದಿ ತನ್ನಿ ಅನ್ನಬಹುದು, ಬೇಡ ಅನ್ನಬಹುದು. ತಿದ್ದಿ ತನ್ನಿ ಅನ್ನೋದರಲ್ಲೇ ಎಷ್ಟೋ ತೊಂದರೆ ತಪ್ಪುತ್ತೆ.

ಎರಡು ಶಿಸ್ತು ಕಡ್ಡಾಯ. ಒಂದು, ಗುಟ್ಟು. ಯಾರ ಮನೆಯ ಉದ್ರಿ ಎಷ್ಟಿದೆ ಅಂತ ಒಳ್ಳೆ ಅಂಗಡಿಯವರು ಊರಿಗೆಲ್ಲ ಸಾರಲ್ಲ. ಕಮಿಟಿ ಫೈಲೂ ಹಾಗೇ, ಅದಕ್ಕೆ ಮೊದಲೇ ಸಹಿ ಹಾಕಿಸಿಕೊಳ್ತಾರೆ. ಎರಡು, ಸ್ವಂತ ಲಾಭ-ನಷ್ಟ. ಫೈಲು ಹಾಕಿದವರು ನೆಂಟರೋ, ಆ ಔಷಧ ಕಂಪನಿ ಜೊತೆ ತಮಗೆ ವ್ಯವಹಾರ ಇದೆಯೋ ಆದರೆ ಮೊದಲೇ ಹೇಳಿ, ಆ ಚರ್ಚೆ ಮುಗಿಯುವವರೆಗೆ ಹೊರಗೆ ಹೋಗಬೇಕು.

ಒಪ್ಪಿಗೆ ಕೊಟ್ಟ ಮೇಲೂ ಕೆಲಸ ಮುಗಿಯಲ್ಲ

ಔಷಧ ಪ್ರಯೋಗದಲ್ಲಿ ಯಾರಿಗಾದರೂ ಗಂಭೀರ ತೊಂದರೆಯಾದರೆ, ಆಸ್ಪತ್ರೆಗೆ ದಾಖಲಾದರೆ ಅಥವಾ ಸಾವು ಸಂಭವಿಸಿದರೆ 24 ಗಂಟೆಯೊಳಗೆ ಕಮಿಟಿಗೆ ತಿಳಿಸಬೇಕು. ಗಾಯಗೊಂಡವರಿಗೆ ಅಗತ್ಯ ಇರುವಷ್ಟು ಕಾಲ, ಅಥವಾ ಆ ತೊಂದರೆಗೂ ಪ್ರಯೋಗಕ್ಕೂ ಸಂಬಂಧ ಇಲ್ಲ ಅಂತ ಖಚಿತವಾಗುವವರೆಗೆ ಉಚಿತ ಚಿಕಿತ್ಸೆ ಕೊಡಬೇಕು. ಪ್ರಯೋಗದಿಂದಲೇ ಆದದ್ದು ಅಂತ ತೀರ್ಮಾನವಾದರೆ ಪರಿಹಾರವೂ ಸಿಗಬೇಕು. ಎಷ್ಟು ಪರಿಹಾರ ಅನ್ನೋದಕ್ಕೆ 2019ರ ನಿಯಮಗಳಲ್ಲೇ ಲೆಕ್ಕದ ಸೂತ್ರ ಇದೆ. ಕಮಿಟಿ ತನ್ನ ಅಭಿಪ್ರಾಯವನ್ನು 30 ದಿನದೊಳಗೆ ಕಳಿಸಬೇಕು.

ಸೇರೋದು ಹೇಗೆ?

ಸದಸ್ಯರನ್ನು ನೇಮಿಸೋದು ಸಂಸ್ಥೆಯ ಮುಖ್ಯಸ್ಥರು. ಆಸಕ್ತಿ ಇದ್ದವರು ಹತ್ತಿರದ ಮೆಡಿಕಲ್ ಕಾಲೇಜು ಅಥವಾ ಯೂನಿವರ್ಸಿಟಿಯ ಎಥಿಕ್ಸ್ ಕಮಿಟಿ ಮೆಂಬರ್ ಸೆಕ್ರೆಟರಿಯನ್ನು ಕಂಡು, ತಮ್ಮ ಪರಿಚಯ ಪತ್ರ ಕೊಟ್ಟು ಬರಬಹುದು. ಅವಧಿ ಸಾಮಾನ್ಯವಾಗಿ 2ರಿಂದ 3 ವರ್ಷ, ಮುಂದುವರಿಸಲೂಬಹುದು. ಸೇರಿದ ಮೇಲೆ ತರಬೇತಿ ಇರುತ್ತೆ. ಇದು ಸಂಬಳದ ಕೆಲಸ ಅಲ್ಲ. ಹೋಗಿಬರುವ ಖರ್ಚು, ಗೌರವಧನ ಕೊಡಲು ಅವಕಾಶ ಇದೆ, ಮೊತ್ತ ಸಂಸ್ಥೆಯಿಂದ ಸಂಸ್ಥೆಗೆ ಬೇರೆ.

ನಿಮ್ಮ ಹತ್ತಿರ ಸಂಶೋಧನೆಗೆ ಬಂದರೆ ಕೇಳಿ

ಎಲ್ಲರೂ ಕಮಿಟಿ ಸೇರೋಕೆ ಆಗಲ್ಲ. ಆದರೆ ಸಹಿ ಹಾಕುವ ಮೊದಲು ಪ್ರಶ್ನೆ ಕೇಳೋದು ಪ್ರತಿಯೊಬ್ಬರ ಹಕ್ಕು.

- ಇದು ಚಿಕಿತ್ಸೆಯೋ, ಸಂಶೋಧನೆಯೋ?
- ಯಾವ ಸಂಸ್ಥೆಯಿಂದ ಬಂದಿದ್ದೀರಿ? ಎಥಿಕ್ಸ್ ಕಮಿಟಿ ಒಪ್ಪಿಗೆ ಆಗಿದೆಯಾ?
- ನನ್ನಿಂದ ಏನು ಬೇಕು? ಎಷ್ಟು ರಕ್ತ, ಎಷ್ಟು ಸಲ ಬರಬೇಕು, ಎಷ್ಟು ಹೊತ್ತು?
- ತೊಂದರೆ ಆದರೆ ಯಾರು ನೋಡಿಕೊಳ್ತಾರೆ, ಖರ್ಚು ಯಾರದು?
- ನನ್ನ ಹೆಸರು, ರಿಪೋರ್ಟು ಯಾರ ಕೈಗೆ ಹೋಗುತ್ತೆ?
- ಬೇಡ ಅಂದರೆ ಏನಾಗುತ್ತೆ?

ಮನೆಯವರ ಜೊತೆ ಮಾತಾಡಿ ನಾಳೆ ಹೇಳ್ತೀನಿ ಅನ್ನೋಕೂ ಅವಕಾಶ ಇದೆ. ಆತುರ ಪಡಿಸಿದರೆ ಸಹಿ ಹಾಕಬೇಕಾಗಿಲ್ಲ.

ಔಷಧ ಪ್ರಯೋಗ ಆಗಿದ್ದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಆಗಿರಬೇಕು. 2009ರ ಜೂನ್ 15ರಿಂದ ಇದು ಕಡ್ಡಾಯ. ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಿ ನೋಡಬಹುದು.

ಒಪ್ಪಿ ಸಹಿ ಹಾಕಿದರೆ ಮಾಹಿತಿ ಪತ್ರದ ಒಂದು ಪ್ರತಿ ಕೇಳಿ ಪಡೆಯಿರಿ, ಕೊಡಬೇಕಾದದ್ದು ಅವರ ಕರ್ತವ್ಯ. ಅದರಲ್ಲಿ ಸಂಶೋಧಕರ ಮತ್ತು ಎಥಿಕ್ಸ್ ಕಮಿಟಿ ಮೆಂಬರ್ ಸೆಕ್ರೆಟರಿಯ ಫೋನ್ ನಂಬರ್ ಇರಬೇಕು. ರೇಷನ್ ಕಾರ್ಡ್, ಆಧಾರ್ ಜೊತೆಯಲ್ಲೇ ಅದನ್ನೂ ಜೋಪಾನವಾಗಿಡಿ. ಹೇಳಿದ್ದೊಂದು, ನಡೆದದ್ದೊಂದು ಅನ್ನಿಸಿದರೆ ನೇರವಾಗಿ ಮೆಂಬರ್ ಸೆಕ್ರೆಟರಿಗೇ ಫೋನ್ ಮಾಡಿ ದೂರು ಹೇಳಬಹುದು.